ಅಕ್ಕಿಕಾಳು ಬಿದ್ದ ಹೊತ್ತು

ಬೆಟಗೇರಿ
೧೯ ನವೆಂಬರ್ ೨೦೨೩

ಅವ್ವಾ,

ಬಸ್ಸಿನಿಂದ ಇಳಿದವಳೇ ಬರೆಯುತ್ತೇನೆ ಎಂದಿದ್ದೆ. ಇಳಿದು ವಾರದ ಮೇಲಾಯಿತು, ಬೈಯಬೇಡ. ಫೋನ್ ಮಾಡಿದರೆ ವೀರಣ್ಣ ಎತ್ತುತ್ತಾನೆ, "ಅವ್ವ ಆರಾಮ ಅದಾಳ ಬಿಡ" ಎನ್ನುತ್ತಾನೆ, ಇಟ್ಟುಬಿಡುತ್ತಾನೆ. ಆ ಸುಡುಗಾಡು ಜ್ವರದಲ್ಲಿ ನಿನ್ನ ಕಿವಿ ಹೋದಾಗಿನಿಂದ ನಿನ್ನ ಖಬರು ನನಗೆ ಸಿಗುವುದೇ ಇಷ್ಟು. ಅದಕ್ಕೇ ಈ ಕಾಗದ. ಏಳನೇ ಇಯತ್ತೆಯಲ್ಲಿ ಶಾಲೆಗೇ ಮೊದಲು ಬಂದವಳು ನೀನು, ಉತ್ತರ ಬರೆಯದೆ ತಪ್ಪಿಸಿಕೊಳ್ಳುವಂತಿಲ್ಲ.

ನನ್ನ ಖೋಲಿ ಒಬ್ಬ ನೇಕಾರರ ಮನೆಯ ಮಾಳಿಗೆಯ ಮೇಲಿದೆ. ಬೆಳಗಾಯಿತೆಂದರೆ ಕೆಳಗೆ ಮಗ್ಗ ಶುರು. ಮನೆಯ ಒಡತಿ "ರೂಢಿ ಆಗತೈತಿ ಬಿಡ ಯವ್ವಾ" ಎಂದಿದ್ದಾರೆ. ಇನ್ನೂ ಆಗಿಲ್ಲ.

ನನಗೆ ಕೆಲಸ ಕಲಿಸುವ ಖೈರುನಬಿ ಚಾಚಿಯ ಬಗ್ಗೆ ಹೇಳಬೇಕು. ಗಂಡ ತೀರಿಕೊಂಡ ಮೇಲೆ ಅವರ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಸ್ಟುಡಿಯೋ ನಡೆಸುತ್ತ ಬಂದವರು. ಅರಿಷಿಣದ ಹೊತ್ತು, ಮದುಮಗಳು ಸೀರೆ ಉಡುವ ಕೋಣೆ, ಹೀಗೆ ಗಂಡಸು ಫೋಟೋಗ್ರಾಫರ್ ಕಾಲಿಡಬಾರದ ಕಡೆಗೆಲ್ಲ ಎಲ್ಲ ಜಾತಿಯವರೂ ಚಾಚಿಯನ್ನೇ ಕರೆಸುತ್ತಾರೆ. ಬಾಯಿ ಮಾತ್ರ ಖಾರದ ಪುಡಿ. ಮೊದಲ ದಿನ ನಾನು ಆಸೆಯಿಂದ ಕ್ಯಾಮೆರಾಕ್ಕೆ ಕೈ ಹಾಕಿದೆನೋ ಇಲ್ಲವೋ, "ಮುಟ್ಟಾಕ ಅವಸರ ಮಾಡಬ್ಯಾಡ. ಮೊದಲ ನಿಲ್ಲಾಕ ಕಲಿ" ಎಂದರು. ಅವತ್ತಿನಿಂದ ನಿಂತಿದ್ದೇನೆ, ದೀಪದ ಕಂಬ ಹಿಡಿದುಕೊಂಡು. ಕಂಬಕ್ಕೂ ನನಗೂ ಇರುವ ಫರಕು ಇಷ್ಟೇ, ಕಂಬಕ್ಕೆ ಯಾರೂ "ಸರೀ ಅತ್ತಾಗ" ಎನ್ನುವುದಿಲ್ಲ.

ಅವರು ಹೇಳಿಕೊಟ್ಟ ಮೊದಲ ಪಾಠ ಕೇಳು. "ಅಕ್ಕಿಕಾಳು ಬೀಳೂ ಹೊತ್ತಿನ್ಯಾಗ ನಿನ್ನ ಕಣ್ಣು ತಾಳಿ ಮ್ಯಾಲ ಇರಬೇಕ. ಹಂದರಕ್ಕ ಬೆಂಕಿ ಬಿದ್ರೂ ತಿರುಗಿ ನೋಡಬ್ಯಾಡ. ಉಳಿದಿದ್ದೆಲ್ಲಾ ಇನ್ನೊಮ್ಮೆ ಮಾಡಸಾಕ ಬರ್ತೈತಿ. ತಾಳಿ ಇನ್ನೊಮ್ಮೆ ಕಟ್ಟಸಾಕ ಬರಂಗಿಲ್ಲ."

ದಿನಾ ಮದುವೆ ಊಟ ಅವ್ವಾ. ಹುಗ್ಗಿ, ಬುಂದಿ, ಬದನೆಕಾಯಿ ಪಲ್ಯ. ಎಲ್ಲರೂ ಎದ್ದ ಮೇಲೆ ಕೊನೆಯ ಪಂಕ್ತಿಯಲ್ಲಿ ನಾವು. ನಿನ್ನೆ ನನ್ನ ಎರಡೂ ಪಕ್ಕದ ಕುರ್ಚಿ ಖಾಲಿ ಇದ್ದವು. ಬಡಿಸುವವನು ಬಕೆಟ್ ಹಿಡಿದು ನನ್ನ ಮುಂದೆಯೇ ಹಾದುಹೋದ, ಕರೆಯಲು ಬಾಯಿ ಬರಲಿಲ್ಲ. ಇಷ್ಟು ಗದ್ದಲದೊಳಗೆ ಇಷ್ಟು ಬೇಸರ ಆಗಬಹುದೆಂದು ನನಗೆ ಗೊತ್ತಿರಲಿಲ್ಲ.

ಇನ್ನೊಂದು ಮಾತು. ಏಪ್ರಿಲ್‌ನಲ್ಲಿ ಆಗುವ ವೀರಣ್ಣನ ಮದುವೆಯ ಆರ್ಡರು ನಮ್ಮ ಸ್ಟುಡಿಯೋಕ್ಕೇ ಬಂದಿದೆ. ಅಷ್ಟರಲ್ಲಿ ಕೈ ಕುಳಿತರೆ ವೇದಿಕೆಯ ಫೋಟೋ ನನಗೇ ಬಿಡುತ್ತೇನೆ ಎಂದಿದ್ದಾರೆ ಚಾಚಿ. ಇಲ್ಲಿಗೆ ಬರುವ ಮುಂಚೆ ಮನೆಯ ಆಲ್ಬಂ ಎಲ್ಲ ತೆಗೆದು ನೋಡಿದೆ. ಅಪ್ಪ ಹೋದ ಮೇಲಿನ ಒಂದು ಫೋಟೋದಲ್ಲೂ ನೀನಿಲ್ಲ. ಮಗನ ಮದುವೆಯ ಫೋಟೋದಲ್ಲಿ ನೀನು ಇರಲೇಬೇಕು. ಇದು ನನ್ನ ಹಟ. ಯಾರು ಏನಾದರೂ ಅನ್ನಲಿ.

ನಿನ್ನ ಮಗಳು
ಸುಶ್ಮಿತಾ


ಬೆಳ್ಳಟ್ಟಿ
೧೦ ಡಿಸೆಂಬರ್ ೨೦೨೩

ಚಿರಂಜೀವಿ ಸುಶ್ಮಿತಾಳಿಗೆ ನಿನ್ನ ಅವ್ವ ಶಾರದವ್ವ ಮಾಡುವ ಆಶೀರ್ವಾದ.

ಹೀಗೆ ಬರೆದಿದ್ದಕ್ಕೆ ನಿನಗೆ ನಗು ಬಂದೀತು. ನಮ್ಮ ಮಾಸ್ತರರು ಕಲಿಸಿದ್ದೇ ಹೀಗೆ.

ನಿನ್ನ ಕಾಗದ ಬಂತು. ಓದಿದ್ದನ್ನೇ ಓದಿದೆ. ಮಂದಿ ಈಗ ನನ್ನ ಮುಂದೆ ಬಂದರೆ ಒದರುತ್ತಾರೆ. ಒದರುವಾಗ ಎಂಥವರ ಮುಖವೂ ಸಿಟ್ಟಿನ ಮುಖವೇ ಆಗುತ್ತದೆ. ವೀರು ಗ್ಯಾರೇಜಿನಿಂದ ಬಂದು "ಉಂಡಿಯೇನ" ಎಂದು ಕೇಳಿದರೂ ಜಗಳಕ್ಕೆ ಬಂದಂತೆ ಕಾಣುತ್ತದೆ, ಪಾಪ. ಕಿವಿಯ ಮಷಿನ್ ಡಬ್ಬಿಯಲ್ಲೇ ಇದೆ. ಹಾಕಿಕೊಂಡರೆ ತಲೆಯೊಳಗೆ ಜೀರುಂಡೆ ಹೊಕ್ಕಂತೆ ಆಗುತ್ತದೆ, ಮಾತೊಂದೂ ತಿಳಿಯುವುದಿಲ್ಲ. ನಿನ್ನ ಕಾಗದ ಒಂದೇ ನನ್ನ ಜೊತೆ ಮೆಲ್ಲಗೆ ಮಾತಾಡಿತು.

ಬಡಿಸುವವನನ್ನು ಕರೆದು ಹಾಕಿಸಿಕೊಂಡು ಉಣ್ಣು. ನಾಚಿದವರ ಹೊಟ್ಟೆ ತುಂಬುವುದಿಲ್ಲ.

ಮದುವೆಯ ಮಾತು. ಹಟ ಬಿಡು. ನಿನ್ನ ಮಲ್ಲಪ್ಪ ಕಾಕಾ, ಮುತ್ತವ್ವ ಚಿಗವ್ವ ಇಬ್ಬರೂ ನಮ್ಮ ಜಾಗದಲ್ಲಿ ಕೂಡುತ್ತಾರೆ, ಮಾತಾಗಿದೆ. ನಾನು ಹಿಂದೆ ಉಗ್ರಾಣದ ಕಡೆ ಇರುತ್ತೇನೆ. ಗಂಡ ಇಲ್ಲದವಳು ಶುಭಕಾರ್ಯದಲ್ಲಿ ಮುಂದೆ ಬರಬಾರದು ಎನ್ನುವುದು ನಾನು ಮಾಡಿದ ರೀತಿಯಲ್ಲ, ಮುರಿಯುವಷ್ಟು ದೊಡ್ಡವಳೂ ನಾನಲ್ಲ. ನಾಳೆ ಸೊಸೆಯಾಗಿ ಬರುವ ಹುಡುಗಿಗೆ ಜ್ವರ ಬಂದರೂ, ವೀರುವಿನ ಗಾಡಿ ಎಡವಿದರೂ, "ಅವತ್ತ ಅವರವ್ವ ಮುಂದ ಬಂದು ನಿಂತಿದ್ಳು" ಎನ್ನುತ್ತಾರೆ. ಆ ಮಾತು ನನ್ನ ಕಿವಿಗೆ ಬೀಳದಿದ್ದರೂ ಅವರ ತುಟಿಯ ಮೇಲೆ ಕಂಡೀತು. ನನಗೆ ಬೇಡ.

ತಲೆಗೆ ಎಣ್ಣೆ ಹಚ್ಚಿಕೊ.

ಅವ್ವ


ಬೆಟಗೇರಿ
೨೮ ಜನವರಿ ೨೦೨೪

ಅವ್ವಾ,

ನಿನ್ನ ಮಗನ ಪ್ರಿ-ವೆಡ್ಡಿಂಗ್ ಫೋಟೋ ತೆಗೆದು ಬಂದೆ, ಇನ್ನೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೇನೆ. ಮಾಗಡಿ ಕೆರೆಯ ದಂಡೆ. ನೀರಿನ ತುಂಬ ಪರದೇಶದ ಬಾತುಗಳು. ವೀರಣ್ಣ ಯಾರದೋ ಕೋಟು ತೊಟ್ಟು ಬಂದಿದ್ದ, ತೋಳು ಮೊಣಕೈಗೆ ಏರಿತ್ತು. "ಕಾಂಚನಾನ ಕಣ್ಣಾಗ ನೋಡಪಾ" ಎಂದರು ಚಾಚಿ. ಅವನು ನೋಡಿದ್ದು ಹೇಗೆ ಅಂತೀ! ಟ್ರ್ಯಾಕ್ಟರಿನ ರೇಡಿಯೇಟರ್ ಎಲ್ಲಿ ಸೋರುತ್ತಿದೆ ಎಂದು ಹುಡುಕಿದಂತೆ. ಕಾಂಚನಾ ನಗು ತಡೆಯಲಾರದೆ ಕೂತೇಬಿಟ್ಟಳು. ಆ ಫೋಟೋ ನಾನು ತೆಗೆದೆ. ಚಾಚಿ ನೋಡಿ ಮುಂದಿನ ಫೋಟೋಕ್ಕೆ ಹೋದರು. ಅವರು ಬೈಯಲಿಲ್ಲವೆಂದರೆ ಪಾಸಾದಂತೆ.

ಹುಡುಗಿ ಒಳ್ಳೆಯವಳು ಅವ್ವಾ. ಮುಂಡರಗಿಯವರು ಮಾತಿನಲ್ಲಿ ಒರಟು ಎನ್ನುತ್ತೀಯಲ್ಲ, ಇವಳು ಹಾಗಿಲ್ಲ. ವೀರಣ್ಣ ಅತ್ತ ಹೋದಾಗ ನನ್ನನ್ನು ಕೇಳಿದಳು, "ಅತ್ತಿಯವರ ಜೋಡಿ ಹೆಂಗ ಮಾತಾಡಬೇಕ್ರಿ ನಾ? ಒದರಿದ್ರ ಸಿಟ್ಟಿಗೇಳ್ತಾರನ್ರಿ?" ನಿಧಾನ ಬರೆದು ತೋರಿಸು ಎಂದೆ.

ಕಾಕಾನಿಗೆ ಫೋನ್ ಮಾಡಿದ್ದೆ. ಅವ್ವನನ್ನೂ ವೇದಿಕೆಗೆ ಕರೆಯಿರಿ, ಯಾವ ಕಾಲದಲ್ಲಿದ್ದೀರಿ ಎಂದೆ. "ಶುಭಕಾರ್ಯದಾಗ ತಂಟಿ ತೆಗಿಬ್ಯಾಡಲೇ. ನಿಮ್ಮವ್ವಗ ಇಲ್ಲದ ತ್ರಾಸು ನಿನಗ್ಯಾಕ?" ಎಂದರು. ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, "ನಮ್ಮ ವೈನಿ ನನಗ ಬ್ಯಾಡಾಗ್ಯಾಳೇನ? ಬೀಗರು ಏನಂತಾರೋ ಏನೋ" ಎಂದರು. ಅವರಿಗೂ ಹೆದರಿಕೆ. ಹೀಗೆ ಒಬ್ಬರಿಗೊಬ್ಬರು ಹೆದರಿಕೊಂಡೇ ನಿನ್ನನ್ನು ಉಗ್ರಾಣದಲ್ಲಿ ಕೂಡಿಸಿದ್ದಾರೆ.

ಚಾಚಿಗೆ ಇದನ್ನೆಲ್ಲ ಹೇಳಿದೆ. ಲೆನ್ಸು ಒರೆಸುತ್ತ ಕೂತಿದ್ದರು. "ನಾನೂ ಗಂಡ ಇಲ್ಲದಾಕೀನ. ಕ್ಯಾಮೆರಾ ಕೈಯಾಗ ಇರೂತನಕ ಮದುಮಗಳ ಮಗ್ಗಲಕ್ಕ ನಿಲ್ಲತೇನಿ, ಯಾರೂ ಏನೂ ಅನ್ನಂಗಿಲ್ಲ. ಇಳಿಸಿದೆ ಅಂದ್ರ, 'ಚಾಚಿ, ಅಲ್ಲಿ ಕುಂಡ್ರಿ' ಅಂತ ಹಿಂದಿನ ಕುರ್ಚಿ ತೋರಸ್ತಾರ" ಎಂದರು. ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ.

ಕಡೆಗೆ ಒಂದೇ ಒಂದು ಕೇಳುತ್ತೇನೆ. ಮದುವೆ ಮಾಡಿಸಿ ಅಯ್ಯನವರು ಹೋದ ಮೇಲೆ, ಊಟ ಮುಗಿದ ಮೇಲೆ, ಮಂದಿ ಕರಗಿದ ಮೇಲೆ ಅಣ್ಣ ಅತ್ತಿಗೆಯ ನಡುವೆ ಬಂದು ಒಂದು ನಿಮಿಷ ನಿಲ್ಲು. ಅಷ್ಟು ಸಾಕು.

ಸುಶ್ಮಿತಾ


ಬೆಳ್ಳಟ್ಟಿ
೩ ಮಾರ್ಚ್ ೨೦೨೪

ಸುಶ್ಮಿ,

ನಿನ್ನ ಕಾಗದಕ್ಕೆ ಉತ್ತರ ಬರೆಯುವುದು ತಡವಾಯಿತು. ಶಾವಿಗೆ, ಹಪ್ಪಳ, ಮದುವೆಯ ಕೆಲಸ. ಅದೊಂದು ನೆವ. ಖರೆ ಎಂದರೆ ಏನು ಬರೆಯಬೇಕೋ ತಿಳಿಯಲಿಲ್ಲ.

ನಿನಗೆ ಹೇಳಿರಲಿಲ್ಲ. ನಿಮ್ಮಪ್ಪ ಹೋದ ಮಾರನೆಯ ವರ್ಷ ಶಿರಹಟ್ಟಿಯಲ್ಲಿ ನನ್ನ ಅಣ್ಣನ ಮಗಳ ಮದುವೆ ಆಯಿತಲ್ಲ, ಪರೀಕ್ಷೆ ಇದೆ ಎಂದು ನೀನು ಬರಲಿಲ್ಲ. ಫೋಟೋಕ್ಕೆ ಬಾ ಅತ್ತೀ ಎಂದು ಆ ಕೂಸೇ ನನ್ನನ್ನು ಕೈ ಹಿಡಿದು ಮೇಲೆ ಕರೆದುಕೊಂಡು ಹೋಯಿತು. ನಾನೂ ಹೋದೆ, ಬುದ್ಧಿ ಇಲ್ಲದವಳು. ಅಲ್ಲಿ ನಿಂತಿದ್ದ ಒಬ್ಬಾಕೆ ಅಕ್ಕಿಕಾಳಿನ ತಾಟನ್ನು ನನ್ನ ಕೈಗೆ ಸಿಗದ ಹಾಗೆ ಮೆಲ್ಲಗೆ ಅತ್ತ ಸರಿಸಿದಳು. ಅವತ್ತು ನನ್ನ ಕಿವಿ ಚೆನ್ನಾಗಿದ್ದವು. ತಾಟು ಸರಿದ ಸಪ್ಪಳ ಕೇಳಿತು. ಅಲ್ಲಿಂದ ಇಳಿದವಳು ಮತ್ತೆ ಯಾರ ವೇದಿಕೆಯನ್ನೂ ಹತ್ತಿಲ್ಲ. ಊಟದ ನಂತರವೂ ಹತ್ತುವುದಿಲ್ಲ. ಇನ್ನು ಮುಂದೆ ಕೇಳಬೇಡ.

ಆದರೆ ನನಗೊಂದು ಆಸೆ ಇದೆ, ನಿನಗೊಬ್ಬಳಿಗೇ ಹೇಳಬಹುದು. ಮಗನ ಮೇಲೆ ನಾಲ್ಕು ಅಕ್ಕಿಕಾಳು ನಾನೂ ಹಾಕಬೇಕು, ಸರಿಯಾಗಿ ತಾಳಿ ಬೀಳುವ ಹೊತ್ತಿಗೆ. ಉಗ್ರಾಣದ ಬಾಗಿಲಲ್ಲಿ ನಿಂತೇ ಹಾಕುತ್ತೇನೆ, ಅವನಿಗೆ ಮುಟ್ಟದಿದ್ದರೂ ನಡೆಯುತ್ತದೆ. ಮೊದಲಾದರೆ ಬಾಜಾ ಜೋರಾದಾಗ ತಿಳಿಯುತ್ತಿತ್ತು. ಈಗ ನನಗೆ ಬಾಜಾ ಕೇಳುವುದಿಲ್ಲ, ಮಂದಿ ಎದ್ದು ನಿಂತರೆ ವೇದಿಕೆ ಕಾಣುವುದೂ ಅಷ್ಟಕ್ಕಷ್ಟೇ. ನೀನು ಮೇಲೆ ಇರುತ್ತೀಯಲ್ಲ. ಆ ಹೊತ್ತಿಗೆ ನನ್ನ ಕಡೆ ಒಮ್ಮೆ ಕೈ ಎತ್ತು. ಇಷ್ಟು ಮಾಡು.

ಅವ್ವ


ಬೆಟಗೇರಿ
೨೮ ಏಪ್ರಿಲ್ ೨೦೨೪

ಅವ್ವಾ,

ಲಕ್ಷ್ಮೇಶ್ವರದ ಮದುವೆ ಹಂದರದಿಂದ ನಿನಗೆ ಮುಖ ತೋರಿಸದೆ ಬಂದುಬಿಟ್ಟೆ. ಏನಾಯಿತೆಂದು ನಿನಗೆ ಯಾರಾದರೂ ತಿಳಿಸಿ ಹೇಳಿದರೋ ಇಲ್ಲವೋ. ಎಲ್ಲರೂ ಒದರುತ್ತಿದ್ದುದಂತೂ ಕಂಡಿರಬೇಕು.

ಚಾಚಿ ಕೆಳಗೆ ಹೆಣ್ಣಿನ ಕಡೆಯವರ ಫೋಟೋ ನೋಡಿಕೊಳ್ಳುತ್ತಿದ್ದರು. ವೇದಿಕೆ ನನ್ನದು. ಎಲ್ಲ ಸರಿಯಾಗಿಯೇ ನಡೆದಿತ್ತು. ಅಯ್ಯನವರು ತಾಳಿಯನ್ನು ಮಂದಿಗೆ ತೋರಿಸಿ ಅಣ್ಣನ ಕೈಗೆ ಕೊಟ್ಟರು. ಬಾಜಾದವರು ಉಬ್ಬಿ ನಿಂತರು. ಬಲಗೈಯಲ್ಲಿ ಕ್ಯಾಮೆರಾ ಹಿಡಿದೇ ಎಡಗೈ ಎತ್ತಿದೆ, ನೀನು ಹೇಳಿದ ಹಾಗೆ. ಎತ್ತಿ ಬಿಟ್ಟಿದ್ದರೆ ಆಗುತ್ತಿತ್ತು. ಕಂಡೆಯೋ ಇಲ್ಲವೋ ಎಂದು ತಿರುಗಿದೆ. ಬಾಗಿಲ ಸಂದಿಯಲ್ಲಿ ನೀನು. ಮುಷ್ಟಿ ಬಿಚ್ಚಿ ಅಕ್ಕಿ ಹಾರಿಸಿದ್ದೀ, ಸೆರಗು ಜಾರಿದೆ, ಬಾಯಿ ತೆರೆದು ಅಳುತ್ತಿದ್ದೀ, ಅಳುತ್ತಲೇ ನಗುತ್ತಿದ್ದೀ. ಅವ್ವಾ, ಅಪ್ಪ ಹೋದಾಗಲೂ ನೀನು ಹೀಗೆ ಅತ್ತಿದ್ದನ್ನು ನಾನು ನೋಡಿರಲಿಲ್ಲ. ಕ್ಯಾಮೆರಾ ತಾನೇ ಕಣ್ಣಿಗೆ ಬಂತು. ಒತ್ತಿದೆ, ಒತ್ತುತ್ತಲೇ ಇದ್ದೆ. ತಿರುಗಿ ನೋಡಿದರೆ ಮೂರು ಗಂಟೂ ಬಿದ್ದು ಮುಗಿದಿದ್ದವು.

ವಿಡಿಯೋದಲ್ಲಾದರೂ ಸಿಕ್ಕೀತು ಎಂದರೆ ಎಲ್ಲರ ಮೊಬೈಲೂ ಎದ್ದಿದ್ದವು. ಒಬ್ಬರ ಮೊಬೈಲಿನಲ್ಲಿ ಇನ್ನೊಬ್ಬರ ಮೊಬೈಲು, ಅದರ ಹಿಂದೆ ಯಾರದೋ ರುಮಾಲು. ತಾಳಿ ಎಲ್ಲೂ ಇಲ್ಲ. ಕಾಕಾ "ಇನ್ನೊಮ್ಮೆ ಕಟ್ಟಿದಂಗ ಮಾಡಲೇ ವೀರೂ" ಎಂದರು. ಅಯ್ಯನವರು ಎದ್ದೇ ನಿಂತರು, "ತಾಳಿ ಅಂದ್ರ ಆಟ ಅಂತ ತಿಳದೀರೇನು?" ಎಂದು. ಕಾಂಚನಾಳ ಕಣ್ಣು ತುಂಬಿ ಬಂದದ್ದು ನನ್ನ ಕ್ಯಾಮೆರಾದಲ್ಲಿದೆ. ವೀರಣ್ಣ ಇವತ್ತಿಗೂ ಫೋನ್ ಎತ್ತುತ್ತಿಲ್ಲ.

ಚಾಚಿ ಬೈದಿದ್ದರೆ ಚೆನ್ನಾಗಿತ್ತು. ಮರುದಿನ ಸ್ಟುಡಿಯೋಕ್ಕೆ ಹೋದರೆ ದೀಪದ ಕಂಬ ತಂದು ಕೈಗೆ ಕೊಟ್ಟರು, ಅಷ್ಟೇ.

ಆದರೂ ನಿನಗೆ ಸುಳ್ಳು ಹೇಳುವುದಿಲ್ಲ. ನನಗೆ ಪಶ್ಚಾತ್ತಾಪ ಇಲ್ಲ. ತಾಳಿಯ ಫೋಟೋ ಲೋಕದ ತುಂಬ ಇವೆ. ಮಗನ ತಾಳಿ ನೋಡಿ ಆನಂದದಿಂದ ಅಳುವ ನಿನ್ನ ಫೋಟೋ ಇದೊಂದೇ. ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಆಲ್ಬಮ್ಮಿನ ಜೊತೆ ಕಳಿಸುತ್ತೇನೆ. ಪಡಸಾಲೆಯಲ್ಲಿ ಎಲ್ಲರಿಗೂ ಕಾಣುವಲ್ಲಿ ಹಾಕಿಸು. ಮಗನ ಮದುವೆಯಲ್ಲಿ ನೀನೂ ಇದ್ದೆ ಎಂದು ಊರಿಗೆಲ್ಲ ತಿಳಿಯಲಿ.

ಸುಶ್ಮಿತಾ


ಬೆಳ್ಳಟ್ಟಿ
೧೬ ಜೂನ್ ೨೦೨೪

ಸುಶ್ಮಿತಾ,

ಫೋಟೋ ಬಂತು. ವೀರು ಸಿಟ್ಟಿನಲ್ಲಿದ್ದರೂ ನೀನು ಬರೆದಂತೆ ಪಡಸಾಲೆಯಲ್ಲಿ ಮೊಳೆ ಹೊಡೆದು ಹಾಕಿದ.

ಒಂದು ವಾರ ಅಲ್ಲೇ ಇತ್ತು. ಮದುಮಗಳನ್ನು ನೋಡಲು ಬಂದವರೆಲ್ಲ ಮೊದಲು ಅದನ್ನು ನೋಡುತ್ತಾರೆ, ಆಮೇಲೆ ನನ್ನನ್ನು ನೋಡುತ್ತಾರೆ. ಮುತ್ತವ್ವ ಬಾಯಿಗೆ ಸೆರಗು ಹಿಡಿದಳು. ಒಬ್ಬಾಕೆ ಬಂದು ನನ್ನ ಬೆನ್ನು ಸವರಿದಳು. ನನ್ನ ಬೆನ್ನು ಸವರಬೇಕೆಂದು ಇಷ್ಟು ವರ್ಷ ಯಾರಿಗೂ ಅನ್ನಿಸಿರಲಿಲ್ಲ. ನಾನು ಅಂಥದ್ದಕ್ಕೆ ಜಾಗ ಕೊಟ್ಟಿರಲಿಲ್ಲ.

ಎಷ್ಟು ಮದುವೆಗಳಲ್ಲಿ ಹಿಂದೆ ಉಳಿದೆನೋ, ಎಲ್ಲಿದ್ದೆ ಎಂದು ಯಾರೂ ಕೇಳಿಲ್ಲ. ಅಡಿಗೆ ನೋಡಿಕೊಳ್ಳುತ್ತಿದ್ದಾಳೆ ಎಂದುಕೊಂಡರು, ನಾನೂ ಹಾಗೇ ಬಿಟ್ಟೆ. ಅದು ನನ್ನ ಮರ್ಯಾದೆ. ಈಗ ಬಾಗಿಲ ಸಂದಿ, ಜಾರಿದ ಸೆರಗು, ತೆರೆದ ಬಾಯಿ ಎಲ್ಲ ಗೋಡೆಯ ಮೇಲಿದೆ. ಯಾರೂ ನೋಡುತ್ತಿಲ್ಲ ಎಂದು ಅತ್ತುಬಿಟ್ಟೆ ಸುಶ್ಮಿ. ನೋಡುತ್ತಾರೆ ಎಂದು ತಿಳಿದಿದ್ದರೆ ನನ್ನ ಕಣ್ಣಲ್ಲಿ ಒಂದು ಹನಿ ಬರುತ್ತಿರಲಿಲ್ಲ.

ನಾನು ನಿನ್ನ ಕೈ ಕೇಳಿದ್ದೆ. ಕ್ಯಾಮೆರಾ ಕೇಳಿರಲಿಲ್ಲ.

ಇವತ್ತು ಅದನ್ನು ಇಳಿಸಿದೆ. ಕಾಂಚನಾಳ ತಾಳಿಯ ಫೋಟೋ ಹೋಯಿತು, ನನ್ನ ಬಾಗಿಲೂ ಹೋಯಿತು. ಸದ್ಯ ನನಗೆ ಬರೆಯಬೇಡ.

ಶಾರದವ್ವ


ಬೆಟಗೇರಿ
೪ ಆಗಸ್ಟ್ ೨೦೨೪

ಅವ್ವಾ,

ಬರೆಯಬೇಡ ಎಂದಿದ್ದೆ. ಬರೆಯದೆ ಇದ್ದೆ. ಇನ್ನು ಆಗುವುದಿಲ್ಲ.

ಕೊನೆಯಲ್ಲಿ ಅವ್ವ ಎಂದು ಬರೆಯದೆ ಹೆಸರು ಬರೆದಿದ್ದೀ. ಯಾರೋ ಪರವೂರಿನವರ ಕಾಗದ ಬಂದಂತಾಯಿತು. ಅದನ್ನು ಚಾಚಿಗೆ ಓದಿ ಹೇಳಿದೆ. "ನಿಮ್ಮವ್ವ ಹೇಳಿದ್ದು ಖರೆ ಐತಿ. ತಾಳಿ ತಪ್ಪಿದ್ದಕ್ಕ ನಾ ನಿನಗ ಎಂದೋ ಮಾಫಿ ಮಾಡೇನಿ. ಇದಕ್ಕ ನಾ ಮಾಡಾಕ ಬರಂಗಿಲ್ಲ" ಎಂದರು.

ನಿನ್ನನ್ನು ಎಲ್ಲರೂ ಮರೆಯಲ್ಲಿ ಇಟ್ಟರು, ನಾನು ಹೊರಗೆ ತರುತ್ತೇನೆ ಎಂದುಕೊಂಡಿದ್ದೆ. ಹೊರಗೆ ಬರಲು ಮನಸ್ಸಿದೆಯೋ ಎಂದು ಕೇಳಲಿಲ್ಲ. ನೀನು ಕೇಳಬೇಡ ಎಂದಿದ್ದೆ, ಅದಕ್ಕೆ ಕೇಳದೆ ಮಾಡಿದೆ. ಎಂಥ ಶಾಣ್ಯಾಕಿ ನೋಡು ನಿನ್ನ ಮಗಳು.

ಆಷಾಢದಲ್ಲಿ ಮದುವೆ ಇರಲಿಲ್ಲ. ಊರಿಗೆ ಬರೋಣವೆಂದು ಒಂದು ದಿನ ಬಸ್‌ಸ್ಟ್ಯಾಂಡಿನವರೆಗೂ ಹೋದೆ. ನಮ್ಮೂರ ದಾರಿಯ ಶಿರಹಟ್ಟಿ ಬಸ್ಸು ಹತ್ತಲು ಧೈರ್ಯ ಸಾಲದೆ ಹೊರಳಿ ಬಂದೆ. ಈಗ ಮಗ್ಗದ ಸಪ್ಪಳ ರೂಢಿಯಾಗಿದೆ. ಅದು ನಿಂತಾಗಲೇ ಹೆದರಿಕೆ ಆಗುತ್ತದೆ.

ಅಣ್ಣ ಬೇಕಾದರೆ ಮಾತಾಡದೆ ಇರಲಿ. ನೀನು ಎರಡು ಸಾಲು ಬರೆ. ಬೈದೇ ಬರೆ.

ನಿನ್ನ
ಸುಶ್ಮಿ


ಬೆಳ್ಳಟ್ಟಿ
೨೪ ನವೆಂಬರ್ ೨೦೨೪

ಸುಶ್ಮಿ,

ಬೈಯಬೇಕೆಂದು ಎಷ್ಟೋ ಸಲ ಕೂತೆ. ಬೈಗಳು ಬರೆದು ನೋಡಿದರೆ ಚೆನ್ನಾಗಿ ಕಾಣಲಿಲ್ಲ, ಹರಿದು ಹಾಕಿದೆ.

ಕಾಂಚನಾಳ ಸುದ್ದಿ ಹೇಳುತ್ತೇನೆ. ಹುಡುಗಿ ಒಂದು ಪಾಟಿ ತಂದಿದ್ದಾಳೆ, ಶಾಲೆಯ ಕೂಸುಗಳ ಕರಿ ಪಾಟಿ. ಏನು ಹೇಳುವುದಿದ್ದರೂ ಬಳಪದಲ್ಲಿ ಬರೆದು ನನ್ನ ಮುಂದೆ ಹಿಡಿಯುತ್ತಾಳೆ. ಪಲ್ಯಕ್ಕೆ ಉಪ್ಪು ಎಷ್ಟು ಎನ್ನುವುದನ್ನೂ ಬರೆಯುತ್ತಾಳೆ. ಒದರುವುದಿಲ್ಲ.

ಗಣಪತಿ ಹಬ್ಬದ ಮುಂದೆ ಒಂದು ಮಧ್ಯಾಹ್ನ ಶೇಂಗಾ ಸುಲಿಯುತ್ತ ಕೂತಿದ್ದೆವು. ಪಾಟಿ ಮುಂದೆ ಹಿಡಿದಳು. "ಅತ್ತಿ, ತಾಳಿ ಕಟ್ಟೂ ಮುಂದ ನೀವು ನೋಡಿದ್ರೆಲ್ಲಾ, ಹೆಂಗಿತ್ರಿ?" ಎಂದು ಬರೆದಿದ್ದಳು. ಅವಳದು ಬಗ್ಗಿಸಿದ ತಲೆ, ಹಣೆಗೆ ಬಾಸಿಂಗ. ಅವಳಿಗೆ ಏನು ಕಂಡೀತು? ಫೋಟೋ ಇಲ್ಲ, ವಿಡಿಯೋದಲ್ಲಿ ರುಮಾಲು. ಕೇಳಿ ಕಣ್ಣು ಕೆಳಗೆ ಹಾಕಿ ಕೂತಳು.

ಹೇಳಿದೆ. ವೀರುವಿನ ಕೈಯಲ್ಲಿ ಮೊದಲನೇ ಗಂಟು ಸಡಿಲ ಬಿತ್ತು, ಮತ್ತೆ ಬಿಗಿದ. ಕಾಂಚನಾ, ನಿನ್ನ ಕೊರಳ ಹತ್ತಿರ ಒಂದು ಅಕ್ಕಿಕಾಳು ಅಂಟಿತ್ತು, ಅದನ್ನು ಅವನೇ ತೆಗೆದ. ಕಡೆಯ ಗಂಟು ಬೀಳುವಾಗ ನೀನು ಕಣ್ಣು ಮುಚ್ಚಿದೆ, ತುಟಿಯಲ್ಲಿ ಸಣ್ಣ ನಗು ಇತ್ತು ಎಂದೆ. ಅವಳು ಪಾಟಿ ಎದೆಗೆ ಹಿಡಿದುಕೊಂಡು ಕೇಳಿದಳು. ಮರುದಿನ ಮತ್ತೆ ಅದೇ ಹೇಳ್ರಿ ಎಂದು ಬರೆದಳು. ಈಗ ಆಜೂಬಾಜೂದವರೂ ಬಂದು ಕೂಡುತ್ತಾರೆ. ಮೊನ್ನೆ ಮುತ್ತವ್ವ ಕೂಡ ಕೂತು ಕೇಳಿದಳು. ವೇದಿಕೆಯ ಮೇಲೆ ಮುಂದೆಯೇ ಕೂತವಳು, ಮೊಬೈಲುಗಳ ಅಡ್ಡಿಗೆ ಅವಳಿಗೂ ಏನೂ ಕಂಡಿಲ್ಲವಂತೆ! ವೀರು ಬಾಗಿಲಲ್ಲಿ ನಿಂತು ಕೇಳಿ ನಾಚಿ ಹೋದ. ನಿನಗೆ ಫೋನ್ ಮಾಡುತ್ತಾನಂತೆ, ಪಾಟಿಯ ಮೇಲೆ ಬರೆದು ತೋರಿಸಿದ.

ಆ ಫೋಟೋ ಗೋಡೆಗೆ ಹಾಕುವುದಿಲ್ಲ. ಅದರ ಮಾತು ಮುಗಿಯಿತು. ಆದರೆ ಅದರ ಬಗ್ಗೆ ನೀನು ಬರೆದದ್ದರಲ್ಲಿ ಒಂದು ತಪ್ಪಿದೆ. ಮಗನ ತಾಳಿ ನೋಡಿ ಆನಂದದಿಂದ ಅಳುತ್ತಿದ್ದೆ ಎಂದು ಬರೆದೆ. ಎಲ್ಲರೂ ಹಾಗೇ ತಿಳಿದಿದ್ದಾರೆ, ನಾನೂ ಇರಲಿ ಎಂದು ಬಿಟ್ಟಿದ್ದೇನೆ. ಕಾಂಚನಾಳಿಗೆ ಯಾವತ್ತೂ ಹೇಳಬೇಡ. ಅವಳಿಗೆ ಹೇಳಿದ್ದೆಲ್ಲ ನಾನು ಕಟ್ಟಿ ಹೇಳಿದ್ದು. ಸಡಿಲ ಬಿದ್ದ ಗಂಟು, ಕೊರಳಿನ ಅಕ್ಕಿಕಾಳು, ಯಾವುದನ್ನೂ ನಾನು ನೋಡಿಲ್ಲ. ತಾಳಿ ಕಟ್ಟಿದ್ದನ್ನೇ ನಾನು ನೋಡಿಲ್ಲ.

ನಿನ್ನ ಕೈ ಏಳುವುದನ್ನು ಕಾಯುತ್ತಿದ್ದೆ, ಕೈ ಎದ್ದಿತು. ಆ ಹಂದರದಲ್ಲಿ ಎದ್ದ ಕೈಗಳಲ್ಲೆಲ್ಲ ಅಕ್ಕಿ ಇಲ್ಲವೆ ಮೊಬೈಲು ಇತ್ತು. ನಿನ್ನ ಕೈ ಒಂದು ಖಾಲಿ ಇತ್ತು. ಅಷ್ಟು ಮಂದಿಯ ನಡುವೆ ನನ್ನ ಮಗಳು ಎಷ್ಟು ಒಬ್ಬಳೇ ನಿಂತಿದ್ದಾಳೆ ಅನ್ನಿಸಿತು. ಕೈಯಲ್ಲಿದ್ದ ಅಕ್ಕಿಯನ್ನೆಲ್ಲ ನಿನ್ನ ಕಡೆಗೇ ಹಾಕಿದೆ.

ನಿನ್ನ
ಅವ್ವ